ಮಟ್ಟಾಂಚೇರಿಯಲ್ಲಿ ಒಂದು ಹಪ್ಪಳ

"ಕಣ್ಣು ಮುಚ್ಚಿಕೊಂಡು ನಡಿ ಮೋಳೇ, ಬೀಳದ ಹಾಗೆ ನಾನು ನೋಡಿಕೊಳ್ಳುತ್ತೇನೆ" ಅಂದರು ಮಾಷ್.

ಮಟ್ಟಾಂಚೇರಿಯ ಬಜಾರ್ ರಸ್ತೆ, ಬೆಳಗಿನ ಹೊತ್ತು. ಹತ್ತು ಹೆಜ್ಜೆ ಇಟ್ಟಿರಬೇಕು, ಒಣಶುಂಠಿಯ ಘಾಟು ಮೂಗಿಗೆ ಅಡರಿತು. ಮತ್ತೆ ಹತ್ತು ಹೆಜ್ಜೆಗೆ ಏಲಕ್ಕಿ. ಆಮೇಲೆ ಹಳೇ ಗೋಣಿಚೀಲ, ಹಿನ್ನೀರಿನ ಉಪ್ಪುಗಾಳಿ, ಎಲ್ಲೋ ಕಾಯುತ್ತಿದ್ದ ತೆಂಗಿನೆಣ್ಣೆ. ಅದರ ಬೆನ್ನಿಗೇ ಕಾಳುಮೆಣಸು. ಅಲ್ಲಿ ನಾನು ಕಣ್ಣು ತೆರೆದುಬಿಟ್ಟೆ. ಹೊನ್ನಾವರದ ಕಡೆಯ ನಮ್ಮ ಅಜ್ಜನ ಮನೆಯ ಅಟ್ಟ ಇದೇ ವಾಸನೆ ಹೊಡೆಯುತ್ತಿತ್ತು. ಅಟ್ಟವೇ ಎದುರಿಗೆ ಬಂದು ನಿಂತಂತಾಯಿತು.

ಮೋಳೇ ಅಂದರೆ ಮಗಳೇ, ಮಾಷ್ ಅಂದರೆ ಮೇಷ್ಟ್ರು. ಶಾಲೆಯಿಂದ ನಿವೃತ್ತರಾದ ಮೇಲೆ ಬಂದವರನ್ನು ಊರು ಸುತ್ತಿಸುತ್ತಾರೆ. ಇಂಗ್ಲಿಷಿನಲ್ಲಿ ಶುರು ಮಾಡಿದ ಮಾತು ಎರಡನೇ ವಾಕ್ಯಕ್ಕೆ ಮಲಯಾಳಕ್ಕೆ ಜಾರುತ್ತದೆ, ಮೂರನೆಯದಕ್ಕೆ ಕೈಸನ್ನೆಗೆ. ನನಗೆ ಮುಕ್ಕಾಲು ಪಾಲು ತಿಳಿಯಿತು. ಉಳಿದ ಕಾಲು ಪಾಲನ್ನು ಅವರು ತಿನ್ನಿಸಿ ತಿಳಿಸಿದರು.

ಹಿಂದಿನ ಸಂಜೆ ಫೋರ್ಟ್ ಕೊಚ್ಚಿಯ ದಡದಲ್ಲಿ ಚೀನೀ ಬಲೆಗಳನ್ನು ನೋಡಿದ್ದೆ. ಮರದ ತೋಳಿಗೆ ಕಟ್ಟಿದ ಆ ದೊಡ್ಡ ಬಲೆ ಮುಳುಗಿ, ಹಿಂಬದಿಯ ಹಗ್ಗದಲ್ಲಿ ತೂಗುವ ಕಲ್ಲುಗಳ ಭಾರಕ್ಕೆ ನಿಧಾನವಾಗಿ ಮೇಲೇಳುವುದನ್ನು ಕತ್ತಲಾಗುವ ತನಕ ನೋಡುತ್ತ ಕೂತಿದ್ದೆ. ಅದರ ಚಿತ್ರಗಳನ್ನು ಎಲ್ಲರೂ ಕಂಡಿದ್ದೀರಿ, ಹೆಚ್ಚು ಹೇಳುವುದಿಲ್ಲ. ಮಾಷ್ ಬೆಳಿಗ್ಗೆ ಮೊದಲು ಹೇಳಿದ ಮಾತೂ ನೀರಿನದೇ. 1341ರಲ್ಲಿ ಪೆರಿಯಾರ್ ಉಕ್ಕಿ ಹರಿದು, ಉತ್ತರದ ಕೊಡುಂಗಲ್ಲೂರಿನ ಪುರಾತನ ಬಂದರಿನಲ್ಲಿ ಹೂಳು ತುಂಬಿತು. ಇಲ್ಲಿ ಕೊಚ್ಚಿಯ ಬಾಯಿ ತೆರೆಯಿತು. ಹಡಗುಗಳು ಇತ್ತ ತಿರುಗಿದವು. "ಒಂದು ನೆರೆ ಬಾರದಿದ್ದರೆ ನಾನೂ ನೀನೂ ಇವತ್ತು ಇಲ್ಲಿ ನಿಲ್ಲುತ್ತಿರಲಿಲ್ಲ" ಅಂದರು.

ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ವಾಸ್ಕೋ ಡ ಗಾಮನನ್ನು ಹೂತಿದ್ದ ಜಾಗಕ್ಕೆ ಕಟಕಟೆ ಕಟ್ಟಿದ್ದಾರೆ. 1524ರ ಡಿಸೆಂಬರಿನಲ್ಲಿ ಅವನು ಸತ್ತದ್ದು ಕೊಚ್ಚಿಯಲ್ಲೇ. 1539ರಲ್ಲಿ ಅಸ್ಥಿಯನ್ನು ಪೋರ್ಚುಗಲ್ಲಿಗೆ ಒಯ್ದರು, ಕಲ್ಲು ಇಲ್ಲೇ ಉಳಿಯಿತು. ಆದರೆ ಆ ಕಲ್ಲಿಗಿಂತ ಗಟ್ಟಿಯಾಗಿ ಉಳಿದದ್ದು ನಮ್ಮ ನಾಲಿಗೆಯ ಮೇಲೆ ಇರುವುದು. ಚರ್ಚಿನ ಮೆಟ್ಟಿಲ ಮೇಲೆ ಕೂತು ನಾವಿಬ್ಬರೂ ಪೋರ್ಚುಗೀಸರ ಜತೆ ಬಂದ ಪದಗಳನ್ನು ಎದುರುಬದುರು ಇಟ್ಟುಕೊಂಡೆವು. ಅವರು ಮೇಶ ಅಂದರು, ನಾನು ಮೇಜು ಅಂದೆ. ಅವರ ಜನಲ್ ನಮ್ಮ ಭಾಷೆಗೆ ಬರಲೇ ಇಲ್ಲ, ನಮಗೆ ಕಿಟಕಿಯೇ ಸಾಕಾಗಿತ್ತು. ನಮ್ಮ ಕಡೆಯ ಬಟಾಟೆ ಅವರಿಗೆ ಗೊತ್ತಿರಲಿಲ್ಲ. ಅವರ ಪರಂಗಿಮಾವು ಅಂದರೆ ಗೇರುಮರ, ನಮ್ಮ ಪರಂಗಿಹಣ್ಣು ಅಂದರೆ ಪಪ್ಪಾಯಿ. ಹಡಗಿನಲ್ಲಿ ಬಂದ ಪರದೇಶಿ ಗಿಡಕ್ಕೆ ಅವರೂ ನಾವೂ ಪರಂಗಿ ಅಂತಲೇ ಹೆಸರಿಟ್ಟಿದ್ದೇವೆ, ಬೇರೆ ಬೇರೆ ಗಿಡಕ್ಕೆ ಅಷ್ಟೆ! ಹಸಿಮೆಣಸು, ಒಣಮೆಣಸು ಬಂದದ್ದೂ ಅದೇ ಹಡಗಿನಲ್ಲಿ. ಅದಕ್ಕೆ ಮುಂಚೆ ಈ ಇಡೀ ಕರಾವಳಿಯ ಸಾರಿಗೆ ಖಾರ ಅಂತ ಇದ್ದದ್ದು ಕಾಳುಮೆಣಸು, ಶುಂಠಿ ಇಂಥವಷ್ಟೇ ಅನ್ನುವುದನ್ನು ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಧೋಬಿಖಾನದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಡಚ್ಚರ ಕಾಲದಲ್ಲಿ ಸೈನಿಕರ ಬಟ್ಟೆ ಒಗೆಯಲು ತಮಿಳುನಾಡಿನಿಂದ ಬಂದ ವಣ್ಣಾರ್ ಮನೆತನಗಳು ಇಂದಿಗೂ ಇಲ್ಲಿ ತಮಿಳೇ ಮಾತಾಡುತ್ತ, ಒಗೆಯುವ ಕಲ್ಲುತೊಟ್ಟಿಗಳಲ್ಲಿ ಸೀರೆ, ಮುಂಡು ಬಡಿಯುತ್ತಾರೆ. ಅಲ್ಲಿಯ ಬಿಳಿ ಮುಂಡುಗಳಿಗೆ ಹಾಕುವ ಅಕ್ಕಿಗಂಜಿಯ ವಾಸನೆ ಮಾತ್ರ ದಾರಿಯುದ್ದಕ್ಕೂ ಹಿಂದೆಯೇ ಬಂತು.

ಗುಜರಾತಿ ಬೀದಿ ಬರುವ ಹೊತ್ತಿಗೆ ನಡಿಗೆಯೇ ಬದಲಾಯಿತು. ಅಂಗಡಿಯ ಮುಂದೆ ಕಡಲೆಹಿಟ್ಟಿನ ಗಾಂಠಿಯಾ, ಬಿಸಿ ಜಿಲೇಬಿ. ಒಳಗಿನವರು ಗಿರಾಕಿಯ ಜತೆ ಮಲಯಾಳದಲ್ಲಿ ವ್ಯಾಪಾರ, ಮನೆಯವರ ಜತೆ ಗುಜರಾತಿಯಲ್ಲಿ ಲೆಕ್ಕ. 1904ರಲ್ಲಿ ಕಟ್ಟಿದ ಜೈನ ಬಸದಿಯ ಅಂಗಳಕ್ಕೆ ಮಧ್ಯಾಹ್ನ ಕಾಳು ತಿನ್ನಲು ಪಾರಿವಾಳಗಳ ಹಿಂಡು ಇಳಿಯುತ್ತದೆ. ಅಲ್ಲಿಂದ ಸ್ವಲ್ಪ ದೂರಕ್ಕೆ ಕಚ್ಛಿ ಮೇಮನರ ಮನೆಗಳು. ಊಟದ ಹೊತ್ತಿಗೆ ಕೈಮಾ ಅಕ್ಕಿಯ ಬಿರಿಯಾನಿ ತಿಂದೆವು. ಜೀರಿಗೆಯಷ್ಟು ಸಣ್ಣ ಅಕ್ಕಿ, ಬಾಸುಮತಿಯ ಬಿಂಕ ಇಲ್ಲದ್ದು, ಬೆರಳಿಗೆ ಅಂಟದ್ದು. ಜತೆಗೆ ಖರ್ಜೂರದ ಉಪ್ಪಿನಕಾಯಿ. ತಿಂದವರು ಒಂದಷ್ಟು ಹೊತ್ತು ಮಾತೇ ಆಡಲಿಲ್ಲ.

ಯೆಹೂದಿ ಬೀದಿಯಲ್ಲಿ ಮಾಷ್ ಚಪ್ಪಲಿ ಕಳಚಿಸಿದರು. 1568ರ ಪರದೇಶಿ ಸಿನಗಾಗಿಗೆ ಬರಿಗಾಲಲ್ಲಿ ಹೋಗಬೇಕು. ಗೋವೆಯಿಂದ ಕೊಡುಂಗಲ್ಲೂರಿನವರೆಗೆ ಪೋರ್ಚುಗೀಸರ ಕಿರುಕುಳ ತಾಳಲಾರದೆ ಬಂದ ಯೆಹೂದಿಗಳಿಗೆ ಕೊಚ್ಚಿಯ ರಾಜ ತನ್ನ ಅರಮನೆಯ ಪಕ್ಕದಲ್ಲೇ ಜಾಗ ಕೊಟ್ಟ. ಅರಮನೆ ಆವರಣದ ದೇವಸ್ಥಾನಕ್ಕೂ ಯೆಹೂದಿಗಳ ಪ್ರಾರ್ಥನಾಮಂದಿರಕ್ಕೂ ನಡುವೆ ಒಂದು ಗೋಡೆಯಷ್ಟೇ. ಒಳಗೆ ಅಂಗಾಲಿಗೆ ತಣ್ಣಗೆ ಹತ್ತುವ ಹೆಂಚುಗಳು ಚೀನಾದ ಕ್ಯಾಂಟನ್ನಿನಿಂದ ಬಂದವು, ನೀಲಿ ಬಣ್ಣದಲ್ಲಿ ಕೈಯಿಂದ ಬಿಡಿಸಿದವು. ನಾನು ಮಂಡಿಯೂರಿ ಪಕ್ಕಪಕ್ಕದ ಎರಡು ಹೆಂಚು ನೋಡಿದೆ. ಎರಡರಲ್ಲೂ ಜೋತುಬಿದ್ದ ಅದೇ ಮರ. ಆದರೆ ಒಂದರಲ್ಲಿ ಕುಂಚ ಬೇಗ ಎತ್ತಿದೆ, ಇನ್ನೊಂದರಲ್ಲಿ ಕೊಂಬೆಯ ತುದಿಗೆ ಬಣ್ಣ ತುಸು ಹೆಚ್ಚು ನಿಂತಿದೆ. ಯಾರೋ ಒಬ್ಬರ ಕೈ, ಎಷ್ಟೋ ಸಾವಿರ ಮೈಲಿ ಆಚೆಯದು, ನನ್ನ ಅಂಗಾಲಿನ ಕೆಳಗೆ!

ಈ ಬೀದಿಯ ಮನೆಗಳಲ್ಲಿ ಈಗ ಹೆಚ್ಚಿನವು ಹಳೇ ಸಾಮಾನಿನ ಅಂಗಡಿಗಳು. ಇಸ್ರೇಲ್ ಹುಟ್ಟಿದ ಮೇಲೆ ಒಂದೊಂದೇ ಕುಟುಂಬ ಹೊರಟುಹೋಯಿತು. ಹೋಗುವಾಗ ಹೆಂಗಸರು ನೋಟುಬುಕ್ಕುಗಳನ್ನೂ ಒಯ್ದರಂತೆ, ಬೈಬಲ್ಲಿನ ಕಥೆಗಳನ್ನು ಮಲಯಾಳದಲ್ಲಿ ಹಾಡಿದ ಮದುವೆ ಹಾಡು, ಹಬ್ಬದ ಹಾಡುಗಳನ್ನು ಕೈಬರಹದಲ್ಲಿ ಬರೆದಿಟ್ಟ ಪುಸ್ತಕಗಳು. ಅಡಿಗೆಯನ್ನೂ ಒಯ್ದರು. ಇಲ್ಲಿ ಮಾಷ್ ಹೇಳಿದ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಯೆಹೂದಿ ಕಟ್ಟಳೆಯಲ್ಲಿ ಮಾಂಸಕ್ಕೆ ಹಾಲು ಬೆರೆಸುವ ಹಾಗಿಲ್ಲ. ಬೆಣ್ಣೆ, ಮೊಸರು ಯಾವುದೂ ಸಲ್ಲದು. ಕಡಲು ದಾಟಿ ಬಂದವರಿಗೆ ಇಲ್ಲಿ ಮನೆಯಂಗಳದಲ್ಲೇ ಒಂದು ಹಾಲು ಸಿಕ್ಕಿತು, ಹಸುವಿನದಲ್ಲದ್ದು. ತೆಂಗಿನಹಾಲು! ಅವರ ಶಾಸ್ತ್ರವೂ ಉಳಿಯಿತು, ಸಾರೂ ಬೆಳ್ಳಗೆ ದಪ್ಪಗಾಯಿತು. ನಾಲ್ಕು ಹಿಡಿ ಸಣ್ಣ ಈರುಳ್ಳಿಯನ್ನು ಜಜ್ಜಿ ಮಸಾಲೆ ಮಾಡಿ, ಮೀನಿಗೆ ಮೆತ್ತಿ, ಬಾಳೆಲೆಯಲ್ಲಿ ಸುತ್ತಿ ಸುಡುವ ಚುಟ್ಟುಳ್ಳಿ ಮೀನ್ ಕೂಡ ಅವರದೇ ಅಡಿಗೆ. ನಮ್ಮ ಮನೆಗಳಲ್ಲಿ ಬಾಳೆಲೆಯಲ್ಲಿ ಸುತ್ತಿ ಬೇಯಿಸುವುದು ಎಷ್ಟೊಂದು ಇದೆ! ಎಲೆ ಅದೇ, ಬೆಂಕಿ ಅದೇ, ಎದುರಿಗೆ ಕೂತು ಹೇಳುವ ಪ್ರಾರ್ಥನೆ ಮಾತ್ರ ಹೀಬ್ರೂ.

ಮೆಣಸಿನ ಮಂಡಿಯೊಂದರಲ್ಲಿ ಒಂದು ಹಿಡಿ ಕಾಳು ಕೈಗೆ ಹಾಕಿದರು. ಮಂಡಿಯವರು ಅದನ್ನು ಅಂಗೈ ಮೇಲೆ ಉರುಳಿಸಿ, ಹಲ್ಲಲ್ಲಿ ಒಂದು ಕಚ್ಚಿ, ಒಣಗಿದ್ದು ಎಷ್ಟು ಅಂತ ಹೇಳುತ್ತಾರೆ. ಅಜ್ಜನೂ ಹಾಗೇ ಮಾಡುತ್ತಿದ್ದ. 16ನೇ ಶತಮಾನದಲ್ಲಿ ನಮ್ಮ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದರು. ಇದನ್ನು ಹೇಳಿದಾಗ ಮಾಷ್ ತಮ್ಮ ಪುಟ್ಟ ಪುಸ್ತಕ ತೆಗೆದು ಹೆಸರು ಬರೆದುಕೊಂಡರು, ಎರಡು ಸಲ ಕೇಳಿ, ಅಕ್ಷರ ತಪ್ಪದ ಹಾಗೆ. ಅಷ್ಟು ವರ್ಷ ಊರು ತೋರಿಸಿದವರು ಕಲಿಯುವುದನ್ನು ಬಿಟ್ಟಿಲ್ಲವಲ್ಲ ಅಂತ ನನಗೆ ಬಹಳ ಗೌರವ ಮೂಡಿತು.

ಕೊನೆಗೆ ಚೆರ್ಲಾಯಿ. ತಿರುಮಲ ದೇವಸ್ವಂ ದೇವಸ್ಥಾನದ ಸುತ್ತಲ ಓಣಿಗಳು. ಅಲ್ಲಿ ಕಾಲಿಟ್ಟ ಗಳಿಗೆಯಲ್ಲೇ ಇಂಗಿನ ವಾಸನೆ. ಚಾಪೆಗಳ ಮೇಲೆ ಬಿಸಿಲಿಗೆ ಹರಡಿದ ಹಪ್ಪಳ, ಅಂಗೈಯಗಲದ್ದು, ನೂರಾರು. ಒಂದು ಮನೆಯ ಜಗಲಿಯಲ್ಲಿ ವಯಸ್ಸಾದ ಅಮ್ಮ ಒಬ್ಬರು ಉದ್ದಿನ ಹಿಟ್ಟಿನ ಸುರುಳಿಯನ್ನು ದಾರದಿಂದ ಕೊಯ್ಯುತ್ತಿದ್ದರು. ದಾರದ ಒಂದು ತುದಿ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿದ್ದು, ಇನ್ನೊಂದು ತುದಿ ಬಲಗೈಯಲ್ಲಿ. ಸುತ್ತಿ ಎಳೆದರೆ ಟಪ್ಪನೆ ಒಂದು ಉಂಡೆ. ನಮ್ಮ ಪಕ್ಕದ ಮನೆಯ ಕೊಂಕಣಿ ಅಜ್ಜಿ ಹೀಗೇ ಕೂತು, ಹೀಗೇ ಕೊಯ್ಯುತ್ತಿದ್ದರು. ಬಾಲ್ಯದಲ್ಲಿ ಆ ಉಂಡೆಗಳನ್ನು ಎಣ್ಣೆ ಹಚ್ಚಿದ ತಟ್ಟೆಯಲ್ಲಿ ಜೋಡಿಸುವುದು ನನ್ನ ಕೆಲಸ. ಕದ್ದು ಒಂದು ಬಾಯಿಗೆ ಹಾಕಿಕೊಳ್ಳುವುದೂ.

ಅವರು ಮುಖ ಎತ್ತಿ ಮಾಷ್ ಜತೆ ಮಲಯಾಳದಲ್ಲಿ ಏನೋ ಅಂದು, ಒಳಗಿದ್ದ ಸೊಸೆಗೆ ಕೊಂಕಣಿಯಲ್ಲಿ ಚಹಾ ಇಡಲು ಹೇಳಿದರು. ನಾನು ತಡೆಯಲಾರದೆ, ಪಕ್ಕದ ಮನೆಯಲ್ಲಿ ಕಲಿತ ನನ್ನ ಕೊಂಕಣಿಯಲ್ಲಿ, ಸಕ್ಕರೆ ಕಡಿಮೆ ಹಾಕಲು ಹೇಳಿ ಅಂದೆ. ದಾರ ಅಲ್ಲೇ ನಿಂತಿತು.

"ತುಮಗೆಲೊ ಗಾಂವು ಖಂಚೊ?"

ಹೊನ್ನಾವರ ಅಂದೆ. ಅವರಿಗೆ ಊರು ಗೊತ್ತಿರಲಿಲ್ಲ. ಗೋಕರ್ಣದ ಹತ್ತಿರ ಅಂದದ್ದೇ ಕೈ ಜೋಡಿಸಿದರು. ಗೋವೆಯಿಂದ ದೇವರನ್ನೂ ಬೀಜಗಳನ್ನೂ ಕಟ್ಟಿಕೊಂಡು ದೋಣಿ ಹತ್ತಿದ ಕೊಂಕಣಿಗರಲ್ಲಿ ಕೆಲವರು ಕಾರವಾರ, ಹೊನ್ನಾವರ, ಭಟ್ಕಳ, ಮಂಗಳೂರು ಅಂತ ಇಳಿಯುತ್ತ ಹೋದರು, ಕೆಲವರು ಇಲ್ಲಿಯ ತನಕ ಬಂದರು. ಬಂದವರ ಪಾಂಡಿತ್ಯ ಇಲ್ಲಿ ಹಪ್ಪಳಕ್ಕೆ ನಿಲ್ಲಲಿಲ್ಲ. ಮಲಬಾರಿನ 740ಕ್ಕೂ ಹೆಚ್ಚು ಗಿಡಗಳನ್ನು 12 ಸಂಪುಟಗಳಲ್ಲಿ ದಾಖಲಿಸಿ 1678ರಿಂದ 1693ರ ತನಕ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ಹೋರ್ಟಸ್ ಮಲಬಾರಿಕಸ್ ಗ್ರಂಥಕ್ಕೆ ನೆರವಾದವರಲ್ಲಿ ಈಳವ ವೈದ್ಯ ಇಟ್ಟಿ ಅಚ್ಯುತನ್ ಜತೆಗೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರಿದ್ದರು. ಅವರು ಕೊಂಕಣಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ಆ ಗ್ರಂಥದಲ್ಲಿ ನಾಗರಿ ಅಕ್ಷರದಲ್ಲೇ ಅಚ್ಚಾಗಿದೆ. ಮಾಷ್ ಇದನ್ನು ಹೇಳುತ್ತಿದ್ದರೆ ಅಮ್ಮ ತಲೆಯಾಡಿಸುತ್ತ ಮತ್ತೆ ದಾರ ಎಳೆದರು, ಟಪ್, ಟಪ್.

ಸೊಸೆ ಚಹಾದ ಜತೆ ಒಂದು ಹಪ್ಪಳ ಕೆಂಡದ ಮೇಲೆ ಸುಟ್ಟು, ತೆಂಗಿನೆಣ್ಣೆ ಸವರಿ ತಂದಿಟ್ಟಳು. ನಮ್ಮ ಊರಿನದಕ್ಕಿಂತ ಚಿಕ್ಕದು, ಇನ್ನೂ ಉಬ್ಬಿದ್ದು. ಖಾರ ಒಣಮೆಣಸಿನದಲ್ಲ, ಕಾಳುಮೆಣಸಿನದು.

ಹೊರಡುವಾಗ ಅಮ್ಮ ಐವತ್ತು ಹಪ್ಪಳ ಕಾಗದದಲ್ಲಿ ಕಟ್ಟಿಕೊಟ್ಟರು. ದುಡ್ಡು ಎಣಿಸಿ ತೆಗೆದುಕೊಂಡರು, ಆಮೇಲೆ ಕೆಳಗಿನ ಚಾಪೆಯಿಂದ ಇನ್ನೊಂದು ಐದು ತೆಗೆದು ಮೇಲಿಟ್ಟರು. ಇವು ಪೂರ್ತಿ ಒಣಗಿಲ್ಲ, ಮನೆಗೆ ಹೋದ ಮೇಲೆ ಒಂದು ಬಿಸಿಲು ತೋರಿಸು ಅಂದರು. ರೈಲು ಹೊನ್ನಾವರ ತಲುಪುವಾಗ ಬೆಳಗಾಗಿತ್ತು. ಅಂಗಳದಲ್ಲಿ ಬಿಸಿಲು ಬಂದ ಮೇಲೆ ಆ ಐದನ್ನು ಅಜ್ಜನ ಕಾಲದ ಚಾಪೆಯ ಮೇಲೆ, ಮೆಣಸು ಒಣಗಿಸುವ ಜಾಗದಲ್ಲಿ ಹರಡಿದೆ.