ತಲಶ್ಶೇರಿಯಲ್ಲಿ ಕಲಿತ ಪುಟ್ಟ ಕೇಕು

ಕೇಕು ಎಂದ ಕೂಡಲೇ ನಿಮಗೆ ನೆನಪಾಗುವುದೇನು ಹೇಳಿ? ಹುಟ್ಟುಹಬ್ಬ, ಮೇಣದಬತ್ತಿ, ಮನೆ ತುಂಬ ಮಕ್ಕಳ ಗಲಾಟೆ, ಅಲ್ಲವೇ? ಆ ಮಕ್ಕಳೇ ಓದಿಗೆಂದು ದೂರ ಹೋದ ಮೇಲೆ ಕೇಕು ಯಾರಿಗೆ? ಹುಣಸೂರಿನ ನಮ್ಮ ಮನೆಯಲ್ಲಿ ಈಗ ಉಳಿದಿರುವವರು ಮೂವರೇ. ನಮ್ಮೆಜಮಾನರು, ಅತ್ತೆಯವರು, ನಾನು.

ಹೋದ ವರ್ಷ ಮಗಳು ಹುಟ್ಟುಹಬ್ಬಕ್ಕೆ ಬರುತ್ತಾಳೆಂದು ಅರ್ಧ ಕಿಲೋ ಮೈದಾ, ಎಂಟು ಮೊಟ್ಟೆ ಹಾಕಿ ದೊಡ್ಡ ಕೇಕು ಮಾಡಿದ್ದೆ. ಪರೀಕ್ಷೆ ಹತ್ತಿರ ಬಂತೆಂದು ಅವಳು ಬರಲಿಲ್ಲ. ಅತ್ತೆಯವರು ಮೊಟ್ಟೆ ಮುಟ್ಟುವುದಿಲ್ಲ. ನಾವಿಬ್ಬರು ತಿಂದೆವು, ಅಕ್ಕಪಕ್ಕದವರಿಗೆ ಕೊಟ್ಟೆವು. ಉಳಿದದ್ದು ಮೂರನೆಯ ದಿನ ಹಿತ್ತಲಿನ ಗುಂಡಿ ಸೇರಿತು. ಅವತ್ತೇ ಓವನ್ನಿಗೆ ಬಟ್ಟೆ ಹೊದಿಸಿಬಿಟ್ಟೆ. ಅದರ ಮೇಲೀಗ ಹಳೆ ಪೇಪರಿನ ಕಟ್ಟು.

ಅತ್ತೆಯವರಿಗೆ ಹಲ್ಲಿಲ್ಲ. ಮಾವನವರು ಹೋದ ಮೇಲೆ ಇದು ಬೇಕು, ಅದು ಬೇಕು ಎಂದು ಕೇಳುವುದನ್ನೂ ಬಿಟ್ಟಿದ್ದರು. ಸಂಜೆ ಏನಾದರೂ ಮಾಡಲೇ ಎಂದರೆ, “ನನಗೊಬ್ಬಳಿಗೋಸ್ಕರ ಒಲೆ ಹಚ್ಚಬೇಡಮ್ಮ” ಎಂದು ಹಾಲಿಗೆ ರಸ್ಕ್ ಅದ್ದಿಕೊಂಡು ಸುಮ್ಮನಾಗುವರು. ನಿಜ ಹೇಳಬೇಕೆಂದರೆ, ಮೂರು ಜನಕ್ಕೆ ಏನು ಮಾಡೋದು ಎಂಬ ಸೋಮಾರಿತನ ನನಗೂ ಹತ್ತಿಕೊಂಡಿತ್ತು.

ಹೀಗಿರುವಾಗ ಕಳೆದ ಜನವರಿಯಲ್ಲಿ ತಲಶ್ಶೇರಿಗೆ ಹೋಗುವ ಯೋಗ ಬಂತು. ನಮ್ಮ ಬೀದಿಯಲ್ಲಿ ಬಹಳ ವರ್ಷ ಅಂಗಡಿ ಇಟ್ಟುಕೊಂಡಿದ್ದ ಮಲಬಾರಿನ ಸಂಸಾರವೊಂದು ಈಗ ತಮ್ಮ ಊರಿಗೇ ಮರಳಿದೆ. ಆ ಮನೆಯಾಕೆಯನ್ನು ನಾವೆಲ್ಲ ಇತ್ತಾತ್ತ ಎಂದೇ ಕರೆಯುತ್ತಿದ್ದೆವು. ಅವರ ಕಡೆ ಅಕ್ಕನಿಗೆ ಹಾಗೆನ್ನುತ್ತಾರೆ. “ಒಂದು ಸಲ ಬಂದು ನಮ್ಮ ಸಮುದ್ರ ನೋಡಿ ಹೋಗಮ್ಮ” ಎಂದು ಫೋನಿನಲ್ಲಿ ಕರೆಯುತ್ತಲೇ ಇದ್ದರು. ಅತ್ತೆಯವರ ಜೊತೆಗೆ ನಾದಿನಿಯನ್ನು ಕರೆಸಿ, ನಾವಿಬ್ಬರೂ ಹೊರಟೆವು.

ಹುಣಸೂರು ಬಿಟ್ಟರೆ ಆನೆಚೌಕೂರಿನ ಕಾಡು, ಆಮೇಲೆ ಗೋಣಿಕೊಪ್ಪ, ವಿರಾಜಪೇಟೆ. ಅಲ್ಲಿಂದ ಮಾಕುಟ್ಟದ ಘಾಟಿ. ಎರಡು ಕಡೆಯೂ ಹಗಲಲ್ಲೇ ಕತ್ತಲಾಗುವಂಥ ಕಾಡು. ತಿರುವು ಬಂದಾಗಲೆಲ್ಲ ನಾನು ಕಣ್ಣುಮುಚ್ಚಿ ಸೀಟಿನ ಕಂಬಿ ಹಿಡಿದುಕೊಳ್ಳುವೆ, ನಮ್ಮವರು ನಗುವರು. ಘಾಟಿ ಇಳಿದು ಇರಿಟ್ಟಿ, ಕೂತುಪರಂಬ ದಾಟಿದರೆ ಗಾಳಿಯೇ ಬೇರೆ. ಸೆಕೆ, ತೆಂಗು, ಉಪ್ಪಿನ ವಾಸನೆ. ಸ್ವೆಟರ್ ಬಿಚ್ಚಿ ಚೀಲಕ್ಕೆ ಹಾಕಿದೆ.

ತಲಶ್ಶೇರಿಗೆ ಮೂರು ವಿಷಯದ ಹೆಮ್ಮೆ: ಕ್ರಿಕೆಟ್ಟು, ಸರ್ಕಸ್ಸು, ಕೇಕು. ಈಸ್ಟ್ ಇಂಡಿಯಾ ಕಂಪನಿಯವರು 1708ರಲ್ಲಿ ಕಟ್ಟಿದ ಕೋಟೆ ಸಮುದ್ರದ ಹತ್ತಿರ ಕೆಂಪು ಕಲ್ಲಿನಲ್ಲಿ ಈಗಲೂ ನಿಂತಿದೆ. ಕನ್ನಡಕ್ಕೆ ಕಿಟೆಲ್ ಇದ್ದ ಹಾಗೆ ಮಲಯಾಳಕ್ಕೆ ನಿಘಂಟು ಮಾಡಿದ ಗುಂಡರ್ಟ್ ಸಾಹೇಬರ ಬಂಗಲೆಯೂ ಇದೇ ಊರಿನ ಇಲ್ಲಿಕುನ್ನಿನಲ್ಲಿದೆ. ಇವೆಲ್ಲ ನಮ್ಮವರಿಗೆ ಹಿಡಿಸಿದವು. ನನಗೆ ಹಿಡಿಸಿದ್ದು ಮಾತ್ರ ಕೇಕಿನ ಕಥೆ.

ಬರ್ಮಾದಿಂದ ಬಂದ ಮಾಂಬಳ್ಳಿ ಬಾಪು ಎಂಬವರು 1880ರಲ್ಲಿ ಇಲ್ಲಿ ಬಿಸ್ಕತ್ತಿನ ಕಾರ್ಖಾನೆ ತೆರೆದರಂತೆ. 1883ರಲ್ಲಿ ಅಂಜರಕಂಡಿಯ ದಾಲ್ಚಿನ್ನಿ ತೋಟದ ಬ್ರೌನ್ ದೊರೆ ಇಂಗ್ಲೆಂಡಿನಿಂದ ತಂದ ಪ್ಲಮ್ ಕೇಕನ್ನು ಇವರ ಮುಂದಿಟ್ಟು, ಕ್ರಿಸ್ಮಸ್ಸಿಗೆ ಇಂಥದ್ದೇ ಬೇಕು ಎಂದನಂತೆ. ಬಾಪು ಹೆದರಲಿಲ್ಲ. ಅಚ್ಚನ್ನು ಧರ್ಮಡಂನ ಕಮ್ಮಾರನಿಂದ ಮಾಡಿಸಿದರು. ಮಾಹೆಯಿಂದ ಬ್ರಾಂದಿ ತಂದು ಹಾಕು ಎಂದು ದೊರೆ ಹೇಳಿದರೆ, ಇವರು ಗೇರುಹಣ್ಣು, ಕದಳಿ ಬಾಳೆಹಣ್ಣಿನಿಂದ ಇಳಿಸಿದ ಊರಿನ ಸರಕನ್ನೇ ಹಾಕಿದರು. ದೊರೆ ತಿಂದು ಮೆಚ್ಚಿ ಇನ್ನೂ ಹನ್ನೆರಡು ಕೇಕು ಬೇಕೆಂದನಂತೆ. ಭಾರತದ ಮೊದಲ ಕ್ರಿಸ್ಮಸ್ ಕೇಕು ಇದೇ ಎಂದು ಊರಿನವರು ಅಭಿಮಾನದಿಂದ ಹೇಳುತ್ತಾರೆ.

ಬೇಕರಿ ಸಾಲು ನೋಡಿಕೊಂಡು ಮನೆಗೆ ಬಂದಾಗ ಇತ್ತಾತ್ತ ಕೇಳಿದರು, “ಈಗಲೂ ಕೇಕು ಮಾಡ್ತೀಯೇನಮ್ಮ?” ಓವನ್ನಿನ ಮೇಲಿನ ಪೇಪರ್ ಕಟ್ಟಿನ ಕಥೆ ಹೇಳಿದೆ. ಅವರು ನಗಲಿಲ್ಲ. “ಒಳಗೆ ಬಾ” ಎಂದು ಅಡಿಗೆಮನೆಗೆ ಕರೆದೊಯ್ದರು.

ಅವರ ಮನೆಯಲ್ಲೂ ಈಗ ಇಬ್ಬರೇ. ಎರಡು ನೇಂದ್ರ ಬಾಳೆಹಣ್ಣನ್ನು ಸಣ್ಣಗೆ ಹೆಚ್ಚಿ ತುಪ್ಪದಲ್ಲಿ ಹುರಿದರು. ಮೂರು ಮೊಟ್ಟೆಗೆ ಮೂರು ಚಮಚ ಸಕ್ಕರೆ, ಏಲಕ್ಕಿಪುಡಿ ಹಾಕಿ ಚೆನ್ನಾಗಿ ಕಡೆದು, ಹಣ್ಣು ಬೆರೆಸಿದರು. ಅಂಗೈಯಗಲದ ದಪ್ಪ ತಳದ ಪಾತ್ರೆಗೆ ತುಪ್ಪ ಸವರಿ ಸುರಿದು, ಮೇಲೆ ಗೋಡಂಬಿ, ದ್ರಾಕ್ಷಿ ಉದುರಿಸಿ, ಮುಚ್ಚಿ, ಕಾವಲಿಯ ಮೇಲಿಟ್ಟು ಉರಿ ತಗ್ಗಿಸಿದರು. ಇಪ್ಪತ್ತು ನಿಮಿಷಕ್ಕೆ ಘಮಘಮ! ಇದಕ್ಕೆ ಅಲ್ಲಿ ಕಾಯ್ ಪೋಳ ಎನ್ನುತ್ತಾರೆ. ಓವನ್ ಇಲ್ಲದ ಕಾಲದಲ್ಲಿ ಮುಚ್ಚಳದ ಮೇಲೂ ಕೆಂಡ, ಕೆಳಗೂ ಕೆಂಡ ಇಟ್ಟು ಬೇಯಿಸುತ್ತಿದ್ದರಂತೆ.

“ಇಷ್ಟು ಪುಟ್ಟ ಪಾತ್ರೆ ಎಲ್ಲಿ ಸಿಕ್ತು ಇತ್ತಾತ್ತ?” ಎಂದೆ.

“ಮಕ್ಕಳು ಗಲ್ಫಿಗೆ ಹೋದ ಮೇಲೆ ತಗೊಂಡೆ. ಮನೆ ಸಣ್ಣದಾಯ್ತು ಅಂತ ಪಾತ್ರೆ ಸಣ್ಣದು ಮಾಡ್ಕೋಬೇಕು, ಒಲೆ ಆರಿಸ್ಬಾರ್ದು” ಎಂದರು.

ಆ ಮಾತು ನನಗೆ ತಟ್ಟಿತು ನೋಡಿ. ಘಾಟಿ ಹತ್ತುವಾಗ ತಿರುವುಗಳ ಭಯವೂ ಇಲ್ಲ, ತಲೆಯಲ್ಲಿ ಅದೇ ಯೋಚನೆ. ಬಾಪು ಊರಲ್ಲಿ ಸಿಕ್ಕಿದ್ದರಲ್ಲಿ ಮಾಡಿದರು, ಇತ್ತಾತ್ತ ಇಬ್ಬರಿಗಾಗುವಷ್ಟು ಮಾಡಿದರು. ಮೊಟ್ಟೆ ಮುಟ್ಟದ, ಹಲ್ಲಿಲ್ಲದ ನಮ್ಮತ್ತೆಗೆ ನಾನೇಕೆ ಮಾಡಬಾರದು?

ಊರಿಗೆ ಬಂದು ಆರು ಇಂಚಿನ ಡಬ್ಬಿಯೊಂದನ್ನು ಕೊಂಡೆ. ಎರಡು ಸಲ ಕೆಟ್ಟಿತು. ಒಮ್ಮೆ ನಡುವೆ ಕುಸಿಯಿತು, ಒಮ್ಮೆ ತಳ ಸೀದಿತು. ಮೂರನೆಯ ಸಲ ಸರಿಹೋದ ಅಳತೆ ಇಲ್ಲಿದೆ, ಬರೆದುಕೊಳ್ಳಿ.

ಮೈದಾ 1 ಕಪ್, ಪುಡಿ ಸಕ್ಕರೆ ಅರ್ಧ ಕಪ್, ಹುಳಿಯಿಲ್ಲದ ಗಟ್ಟಿ ಮೊಸರು ಅರ್ಧ ಕಪ್, ವಾಸನೆಯಿಲ್ಲದ ಎಣ್ಣೆ ಕಾಲು ಕಪ್, ಹಾಲು ಸುಮಾರು ಕಾಲು ಕಪ್, ಬೇಕಿಂಗ್ ಪೌಡರ್ ಮುಕ್ಕಾಲು ಟೀ ಚಮಚ, ಅಡಿಗೆ ಸೋಡಾ ಕಾಲು ಟೀ ಚಮಚ, ಚಿಟಿಕೆ ಉಪ್ಪು, ಏಲಕ್ಕಿ.

ಮೈದಾ, ಪೌಡರ್, ಸೋಡಾ, ಉಪ್ಪನ್ನು ಎರಡು ಸಲ ಜರಡಿ ಹಿಡಿಯಿರಿ. ಮೊಸರು, ಸಕ್ಕರೆ, ಎಣ್ಣೆಯನ್ನು ಸಕ್ಕರೆ ಕರಗುವವರೆಗೆ ಕಲಸಿ. ಒಣ ಹಿಟ್ಟು ಸೇರಿಸಿ, ಬೇಕಾದಷ್ಟೇ ಹಾಲು ಹಾಕಿ, ಇಡ್ಲಿ ಹಿಟ್ಟಿನ ಹದಕ್ಕೆ ತನ್ನಿ. ಬಹಳ ತಿರುವಬೇಡಿ, ಕೇಕು ಗಟ್ಟಿಯಾಗುತ್ತದೆ. ಮೊಸರಿನ ಹುಳಿ ಸೋಡಾಕ್ಕೆ ಸೇರಿದೊಡನೆ ಗುಳ್ಳೆ ಏಳುತ್ತದೆ, ಕೇಕು ಉಬ್ಬುವುದು ಅದರಿಂದಲೇ. ಆದ್ದರಿಂದ ಕಲಸಿಟ್ಟು ಫೋನಿನಲ್ಲಿ ಮಾತಿಗೆ ಕೂರಬೇಡಿ! ನನ್ನ ಮೊದಲ ಕೇಕು ಕುಸಿದದ್ದು ಹಾಗೆಯೇ.

ಓವನ್ ಇದ್ದರೆ 180 ಡಿಗ್ರಿಯಲ್ಲಿ ಅರ್ಧ ಗಂಟೆ. ಇಲ್ಲದಿದ್ದರೆ ಹಳೆಯ ಕುಕ್ಕರೋ ದಪ್ಪ ಪಾತ್ರೆಯೋ ಸಾಕು. ತಳಕ್ಕೆ ಉಪ್ಪು ಹರವಿ, ಒಂದು ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ, ಡಬ್ಬಿ ಇಟ್ಟು ಮುಚ್ಚಿ. ಕುಕ್ಕರಿನ ರಬ್ಬರು, ವೆಯ್ಟ್ ಎರಡನ್ನೂ ತೆಗೆದಿರಬೇಕು, ಮರೆಯಬೇಡಿ. ಸಣ್ಣ ಉರಿಯಲ್ಲಿ ಮೂವತ್ತೈದರಿಂದ ನಲವತ್ತು ನಿಮಿಷ. ಕಡ್ಡಿ ಚುಚ್ಚಿದರೆ ಒಣಗಿ ಬರಬೇಕು.

ಈ ಒಂದೇ ಅಳತೆಯಲ್ಲಿ ಎಷ್ಟೋ ಬಗೆ ಮಾಡಬಹುದು. ಅರ್ಧ ಮೈದಾಕ್ಕೆ ಬದಲು ಚಿರೋಟಿ ರವೆ ಹಾಕಿ, ಸೋಡಾ ಸೇರಿಸುವ ಮೊದಲು ಇಪ್ಪತ್ತು ನಿಮಿಷ ನೆನೆಯಲು ಬಿಡಿ. ಕಪ್ಪಾದ ಬಾಳೆಹಣ್ಣು ಉಳಿದಿದ್ದರೆ ಒಂದನ್ನು ಹಿಸುಕಿ ಸೇರಿಸಿ, ಹಾಲು ಕಡಿಮೆ ಮಾಡಿ. ಕಿತ್ತಳೆ ಸಿಪ್ಪೆಯ ಮೇಲ್ಪದರ ತುರಿದು ಹಾಕಿದರೆ ಕೊಡಗೇ ಮನೆಗೆ ಬಂದ ಹಾಗೆ. ಮಾರನೆಯ ದಿನ ಉಳಿದರೆ ಹೋಳು ಮಾಡಿ ಕಾವಲಿಯ ಮೇಲೆ ತುಪ್ಪದಲ್ಲಿ ಬಿಸಿ ಮಾಡಿ.

ಅವತ್ತು ಸಂಜೆ ಅತ್ತೆಯವರ ಮುಂದೆ ಒಂದು ಹೋಳು ಇಟ್ಟೆ. “ಮೊಟ್ಟೆ?” ಎಂದು ಕಣ್ಣಲ್ಲೇ ಕೇಳಿದರು. “ಇಲ್ಲ ಅತ್ತೆ, ನಮ್ಮನೆ ಮೊಸರು” ಎಂದೆ. ಹಾಲಿಗೆ ಅದ್ದದೆ ಹಾಗೇ ತಿಂದರು. ಏನೂ ಹೇಳಲಿಲ್ಲ. ರಾತ್ರಿ ದೀಪ ಆರಿಸುವ ಹೊತ್ತಿಗೆ ಮೆಲ್ಲಗೆ ಕರೆದು ಕೇಳಿದರು: “ನಾಳೆಗೆ ಒಂದು ಚೂರು ಉಳಿದಿದೆಯೇನಮ್ಮ?”

ಎಷ್ಟೋ ದಿನಗಳ ಮೇಲೆ ಅವರು ಬಾಯಿಬಿಟ್ಟು ಕೇಳಿದ್ದು ಅದೇ. ಓವನ್ನಿನ ಮೇಲಿನ ಪೇಪರು ಮಾರನೆಯ ದಿನವೇ ಹಳೆ ಪೇಪರಿನವನ ಪಾಲಾಯಿತು. ನಿಮ್ಮ ಮನೆಯೂ ಸಣ್ಣದಾಗಿದ್ದರೆ ಪುಟ್ಟದೊಂದು ಡಬ್ಬಿ ತನ್ನಿ. ಒಲೆ ಮಾತ್ರ ಆರಿಸಬೇಡಿ.