ಮೂರನೆಯ ಮಹಡಿಯ ಎದುರಿನ ಕೆಂಪು ದೀಪ

ಲಾಲ್‌ಬಾಗಿನಲ್ಲಿ ನಮ್ಮ ಮನೆ ಇರುವುದು ಮೂರನೆಯ ಮಹಡಿಯಲ್ಲಿ. ಕಿಟಕಿ ತೆರೆದರೆ ಎದುರಿಗೇ, ಕಣ್ಣಿನ ಮಟ್ಟದಲ್ಲೇ ಮೇಲ್ಸೇತುವೆ. ಕಳೆದ ಮಳೆಗಾಲದ ಒಂದು ರಾತ್ರಿ ಎರಡು ಗಂಟೆಗೆ ನನ್ನಾಕೆಗೆ ಉಸಿರಾಡಲು ಕಷ್ಟವಾಯಿತು. ಆಂಬುಲೆನ್ಸಿಗೆ ಫೋನ್ ಮಾಡಿ ಕಿಟಕಿಯ ಬಳಿ ನಿಂತೆ. ಹತ್ತೇ ನಿಮಿಷದಲ್ಲಿ ಬಂತು. ಬಂದು ನಿಂತದ್ದು ಮಾತ್ರ ಸೇತುವೆಯ ಮೇಲೆ! ಕೆಂಪು ದೀಪ ತಿರುಗುತ್ತಿದೆ, ಚಾಲಕನ ಮುಖವೂ ಕಾಣುತ್ತಿದೆ. ಆದರೆ ಕೆಳಗಿಳಿಯಲು ಅವನು ಸೇತುವೆಯ ತುದಿಯವರೆಗೆ ಹೋಗಿ ತಿರುಗಿ ಬರಬೇಕು. ಇಪ್ಪತ್ತು ನಿಮಿಷ ಹಿಡಿಯಿತು. ಆಕೆ ಈಗ ಗುಣವಾಗಿದ್ದಾಳೆ. ಆ ಇಪ್ಪತ್ತು ನಿಮಿಷ ಮಾತ್ರ ನನ್ನನ್ನು ಬಿಟ್ಟು ಹೋಗಿಲ್ಲ.

ಚಾಲಕನನ್ನು ದೂರಿ ಫಲವಿಲ್ಲ. ಅವನ ಮೊಬೈಲಿನ ನೀಲಿ ಚುಕ್ಕಿ 'ತಲುಪಿದಿರಿ' ಎಂದೇ ಹೇಳಿತ್ತು. ನೀವೂ ಇಂಥದ್ದನ್ನು ಅನುಭವಿಸಿರುತ್ತೀರಿ. ಗಾಜಿನ ಗೋಪುರಗಳ ನಡುವೆ ನೀಲಿ ಚುಕ್ಕಿ ರಸ್ತೆ ಬಿಟ್ಟು ಯಾರದೋ ಅಂಗಡಿಯೊಳಗೆ ನುಗ್ಗುತ್ತದೆ, ಸೇತುವೆಯ ಮೇಲೆ ಇದ್ದೀರೋ ಕೆಳಗೆ ಇದ್ದೀರೋ ಅದಕ್ಕೆ ತಿಳಿಯುವುದಿಲ್ಲ.

ನನಗೆ ಆ ರಾತ್ರಿ ಇನ್ನೊಂದು ರಾತ್ರಿ ನೆನಪಾಯಿತು. 1982ರಲ್ಲಿ ನಾನು ಒಂದು ಸರಕು ಹಡಗಿನಲ್ಲಿ ಸೆಕೆಂಡ್ ಆಫೀಸರ್. ಕೊಲಂಬೊ ಬಿಟ್ಟು ಏಡನ್ ಕಡೆಗೆ ಹೊರಟಿದ್ದೆವು. ಮುಂಗಾರಿನ ಮೋಡ. ಮೂರು ದಿನ ಸೂರ್ಯನೂ ಇಲ್ಲ, ನಕ್ಷತ್ರವೂ ಇಲ್ಲ. ಸೆಕ್ಸ್‌ಟೆಂಟ್ ಪೆಟ್ಟಿಗೆಯಲ್ಲೇ ಮಲಗಿತ್ತು. ಮುಂದೆ ಮಿನಿಕಾಯ್ ದ್ವೀಪಕ್ಕೂ ಮಾಲ್ಡೀವ್ಸ್‌ಗೂ ನಡುವಿನ ಕಾಲುವೆ, ಎರಡೂ ಕಡೆ ಹವಳದ ಬಂಡೆ. ನಮ್ಮ ನೆಚ್ಚಿಗೆಯೆಲ್ಲ 'ಸ್ಯಾಟ್‌ನ್ಯಾವ್' ಎಂಬ ಒಂದು ಡಬ್ಬಿಯ ಮೇಲೆ. ಅದು ಉಪಗ್ರಹ ಬರುವುದನ್ನು ಕಾಯಬೇಕು, ನಾವು ಅದನ್ನು ಕಾಯಬೇಕು. ಒಂದು ಗಂಟೆ, ಎರಡು ಗಂಟೆ, ಭೂಮಧ್ಯರೇಖೆಯ ಹತ್ತಿರವಾದರೆ ಇನ್ನೂ ಹೆಚ್ಚು. ಕೊನೆಗೆ ಬಂತು. ಉಪಗ್ರಹ ತಲೆಯ ಮೇಲೆ ಹಾದುಹೋದ ಕಾಲು ಗಂಟೆಯಲ್ಲಿ ಡಬ್ಬಿ ಲೆಕ್ಕ ಮುಗಿಸಿ ಅಂಕೆಗಳನ್ನು ತೋರಿಸಿತು. ನಾವು ಎಣಿಸಿದ್ದಕ್ಕಿಂತ ಒಂಬತ್ತು ಮೈಲು ಉತ್ತರದಲ್ಲಿದ್ದೆವು. ಕ್ಯಾಪ್ಟನ್ ಏನೂ ಮಾತಾಡಲಿಲ್ಲ, ದಿಕ್ಕು ಬದಲಿಸಲು ಹೇಳಿ ಚಹಾ ತರಿಸಿದರು.

ಆ ಉಪಗ್ರಹಗಳ ಹೆಸರು ಟ್ರಾನ್ಸಿಟ್. ಹುಟ್ಟಿದ ಕಥೆ ಸ್ವಾರಸ್ಯವಾದದ್ದು. 1957ರ ಅಕ್ಟೋಬರ್‌ನಲ್ಲಿ ರಷ್ಯದ ಸ್ಪುಟ್ನಿಕ್ ಮೇಲೇರಿದಾಗ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಗಯರ್ ಮತ್ತು ವೈಫೆನ್‌ಬಾಕ್ ಎಂಬ ಇಬ್ಬರು ಅದರ 'ಬೀಪ್ ಬೀಪ್' ಕೇಳುತ್ತ ಕುಳಿತರು. ದಾದರ್ ಸ್ಟೇಷನ್ನಿನಲ್ಲಿ ನಿಂತಾಗ ವೇಗದ ಗಾಡಿಯ ಶಿಳ್ಳೆ ಹತ್ತಿರ ಬರುವಾಗ ಕೀರಲಾಗಿ, ದಾಟಿದ ಮೇಲೆ ದಪ್ಪವಾಗಿ ಕೇಳುತ್ತದಲ್ಲ, ಹಾಗೆಯೇ ಅದರ ಸ್ವರ ಬದಲಾಗುತ್ತಿತ್ತು. ಆ ಬದಲಾವಣೆಯಿಂದಲೇ ಉಪಗ್ರಹದ ಕಕ್ಷೆಯನ್ನು ಲೆಕ್ಕ ಹಾಕಿಬಿಟ್ಟರು. ಮುಂದಿನ ವರ್ಷ ಅವರ ಮೇಲಧಿಕಾರಿ ಮೆಕ್‌ಕ್ಲೂರ್ ಲೆಕ್ಕವನ್ನು ತಲೆಕೆಳಗು ಮಾಡಿದರು: ಕಕ್ಷೆ ಗೊತ್ತಿದ್ದರೆ ಕೇಳುವವನು ಎಲ್ಲಿದ್ದಾನೆಂದು ತಿಳಿಯಬಹುದಲ್ಲವೇ? 1964ರಿಂದ ಅಮೆರಿಕದ ನೌಕಾದಳಕ್ಕೆ, 1967ರಿಂದ ನಮ್ಮಂಥ ವ್ಯಾಪಾರಿ ಹಡಗುಗಳಿಗೂ ಅದು ದಾರಿ ತೋರಿತು. 1996ರಲ್ಲಿ ನಿವೃತ್ತಿಯಾಯಿತು.

ಟ್ರಾನ್ಸಿಟ್ ಹಾರುತ್ತಿದ್ದದ್ದು ಸುಮಾರು 1,100 ಕಿಲೋಮೀಟರು ಎತ್ತರದಲ್ಲಿ. ಅದರ ಜಾಗಕ್ಕೆ ಬಂದ ಜಿಪಿಎಸ್ ಸುಮಾರು 20,200 ಕಿಲೋಮೀಟರಿನಲ್ಲಿದೆ. ಎತ್ತರಕ್ಕೆ ಹೋದರೆ ಒಂದು ಉಪಗ್ರಹಕ್ಕೆ ಬಹಳ ಭೂಮಿ ಕಾಣುತ್ತದೆ. ಹೀಗಾಗಿ ಎರಡು ಡಜನ್ ಉಪಗ್ರಹಗಳಿಂದ ಇಡೀ ಲೋಕಕ್ಕೆ ಸಾಕಾಗುತ್ತದೆ, ಕಾಯುವ ಪ್ರಶ್ನೆಯೇ ಇಲ್ಲ. ಆದರೆ ಆ ದೂರದಿಂದ ಬರುವ ಸಂಕೇತ ಬಹಳ ಕ್ಷೀಣ. ಹಳೆಯ ಕಾಲದ ಒಂದು ಬಲ್ಬಿನ ಬೆಳಕನ್ನು ಅಷ್ಟು ದೂರದಿಂದ ನೋಡಿದ ಹಾಗೆ. ಗಾಜಿನ ಕಟ್ಟಡಕ್ಕೆ ಬಡಿದು ಬಂದದ್ದು ಯಾವುದು, ನೇರ ಬಂದದ್ದು ಯಾವುದು ಎಂದು ಮೊಬೈಲು ಗೊಂದಲಕ್ಕೆ ಬೀಳುತ್ತದೆ. ಸುಳ್ಳು ಸಂಕೇತ ಬಿಟ್ಟು ಮೋಸ ಮಾಡುವವರಿಗೂ ಇದು ಸುಲಭ. 2025ರಲ್ಲಿ ದಿಲ್ಲಿಯ ವಿಮಾನ ನಿಲ್ದಾಣದ ಬಳಿ ಹೀಗಾಯಿತೆಂದು ಸರ್ಕಾರವೇ ಸಂಸತ್ತಿನಲ್ಲಿ ಒಪ್ಪಿಕೊಂಡಿತು.

ಈಗ ತಜ್ಞರು ಮತ್ತೆ ತಗ್ಗಿಗೆ ಇಳಿಯುತ್ತಿದ್ದಾರೆ. ನಮ್ಮ ಹಳೆಯ ಸ್ಯಾಟ್‌ನ್ಯಾವ್ ಎತ್ತರಕ್ಕೇ, ಇಲ್ಲವೇ ಇನ್ನೂ ಕೆಳಕ್ಕೆ. ದೂರ ಹತ್ತನೆಯ ಒಂದಾದರೆ ಅಷ್ಟೇ ವಿದ್ಯುತ್ತಿನಲ್ಲಿ ಸಂಕೇತ ನೂರು ಪಾಲು ಬಲವಾಗುತ್ತದೆ. ಅದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಅವುಗಳ ಓಟ. ಜಿಪಿಎಸ್ ಉಪಗ್ರಹ ಆಕಾಶದಲ್ಲಿ ಎತ್ತಿನ ಗಾಡಿಯಂತೆ ಸಾಗುತ್ತದೆ, ಭೂಮಿ ಸುತ್ತಲು ಹನ್ನೆರಡು ಗಂಟೆ. ತಗ್ಗಿನದು ಹತ್ತು ಹದಿನೈದು ನಿಮಿಷದಲ್ಲಿ ದಿಗಂತದಿಂದ ದಿಗಂತಕ್ಕೆ ಓಡಿಬಿಡುತ್ತದೆ. ಓಡುವಾಗ ಅದರ ಕೋನ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಗೋಡೆಗೆ ಬಡಿದ ಸುಳ್ಳು ಸಂಕೇತ ಬಹಳ ಹೊತ್ತು ನಿಲ್ಲಲಾರದು. ಸೆಂಟಿಮೀಟರಿನ ಲೆಕ್ಕಕ್ಕೆ ಮೋಜಣಿದಾರರು ಅರ್ಧ ಗಂಟೆ ಕಾಯುತ್ತಿದ್ದಲ್ಲಿ ಕೆಲವೇ ನಿಮಿಷ ಸಾಕಾಗಬಹುದು. ಕಟ್ಟಡ ಅಡ್ಡ ಬಂದರೆ ಇದಕ್ಕೂ ಅಡ್ಡಿಯೇ, ಮಾಯಮಂತ್ರವೇನಲ್ಲ.

ತಗ್ಗಿನಿಂದ ಕಾಣುವ ಭೂಮಿ ಕಡಿಮೆಯಾದ್ದರಿಂದ ನೂರಾರು ಉಪಗ್ರಹಗಳು ಬೇಕು. ಟ್ರಾನ್ಸಿಟ್‌ನ ಕಾಲದಲ್ಲಿ ಇದು ಕನಸು. ಈಗ ಉಪಗ್ರಹ ಚಿಕ್ಕದಾಗಿದೆ, ಉಡಾವಣೆ ಅಗ್ಗವಾಗಿದೆ. ಅಮೆರಿಕದ ಜೋನಾ ಎಂಬ ಕಂಪನಿ 2025ರ ಜೂನ್‌ನಲ್ಲಿ ಒಂದನ್ನು ಹಾರಿಸಿತು, ಇನ್ನೂರೈವತ್ತಕ್ಕೂ ಹೆಚ್ಚು ಹಾರಿಸುವ ಯೋಜನೆ. ಐರೋಪ್ಯ ಬಾಹ್ಯಾಕಾಶ ಸಂಸ್ಥೆ 2024ರಲ್ಲಿ ಪ್ರಯೋಗಕ್ಕೆ ಗುತ್ತಿಗೆ ಕೊಟ್ಟಿತು. 2021ರಲ್ಲಿಯೇ ಅಮೆರಿಕದ ಸಂಶೋಧಕರು ಇಂಟರ್ನೆಟ್ಟಿಗಾಗಿ ಹಾರಿಸಿದ ಸ್ಟಾರ್‌ಲಿಂಕ್‌ನ ಆರು ಉಪಗ್ರಹಗಳ ಸ್ವರವನ್ನು ಕದ್ದು ಕೇಳಿ ತಾವಿರುವ ಜಾಗವನ್ನು ಸುಮಾರು ಎಂಟು ಮೀಟರಿನೊಳಗೆ ಹಿಡಿದರು. ಸ್ಪುಟ್ನಿಕ್ ಕೇಳಿದ ಆ ಇಬ್ಬರು ಇದನ್ನು ನೋಡಿದ್ದರೆ ಎಷ್ಟು ಖುಷಿಪಡುತ್ತಿದ್ದರೋ!

ನಮ್ಮ ನಾವಿಕ್ ಬೆಂಗಳೂರಿನ ಬಳಿಯ ಬ್ಯಾಲಾಳಿನ ಕೇಂದ್ರದಿಂದ ನಡೆಯುತ್ತದೆಂಬುದು ಕನ್ನಡಿಗರಿಗೆ ಹೆಮ್ಮೆ. ಆದರೆ ಅದರ ಉಪಗ್ರಹಗಳು ಇನ್ನೂ ದೂರ, ಸುಮಾರು 36,000 ಕಿಲೋಮೀಟರಿನಲ್ಲಿ. ಅವಕ್ಕೆ ಜೊತೆಯಾಗಿ ತಗ್ಗಿನಲ್ಲೂ ಒಂದಿಷ್ಟು ಹಾರಿಸಬೇಕೆಂದು ನನ್ನಂಥ ಹಳೆಯ ನಾವಿಕನ ಆಸೆ. ಮೇಲಿನವು ಬೇಡವಾಗುವುದಿಲ್ಲ, ತಗ್ಗಿನವು ತಮ್ಮ ಗಡಿಯಾರವನ್ನು ಅವುಗಳನ್ನು ನೋಡಿಯೇ ಸರಿಪಡಿಸಿಕೊಳ್ಳಬಹುದು.

ಅಷ್ಟರವರೆಗೆ ನಮ್ಮ ಕಟ್ಟಡದವರು ಒಂದು ಕ್ರಮ ಮಾಡಿಕೊಂಡಿದ್ದೇವೆ. ಯಾರ ಮನೆಗೆ ಆಂಬುಲೆನ್ಸ್ ಕರೆದರೂ ಒಬ್ಬ ಹುಡುಗ ಟಾರ್ಚು ಹಿಡಿದು ಸೇತುವೆ ಏರುವ ಕಡೆಗೆ ಓಡುತ್ತಾನೆ. ಹೋದ ತಿಂಗಳು ಎರಡು ಸಲ ಓಡಿದ.