ಸವಳು ಮಡಿಯ ಲೆಕ್ಕ

ಅಪ್ಪನಿಗೆ ನಾನು ಕೊಟ್ಟ ಮೊದಲ ಒಕ್ಕಲುತನದ ಸಲಹೆಗೆ ಅರ್ಧ ಎಕರೆ ನೆಲ್ಲು ಸುಟ್ಟುಹೋಯಿತು. ಅಪ್ಪ ಅದನ್ನು ಯಾರ ಮುಂದೆಯೂ ಆಡಿಲ್ಲ. ಅವ್ವ ಮಾತ್ರ ಮನೆಗೆ ಬಂದವರಿಗೆಲ್ಲ ಹೇಳ್ತಾಳೆ. ಹಂಗಾಗಿ ನಾನೇ ಬರೆದುಬಿಡೋದು ವಾಸಿ.

ನಮ್ಮೂರು ಸಿಂಧನೂರು ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು. 1953ರಲ್ಲಿ ಅಣೆಕಟ್ಟೆಯಿಂದ ನೀರು ಬಿಡೋಕೆ ಶುರುವಾಗುವ ಮುಂಚೆ ಇದೆಲ್ಲ ಜೋಳ, ಹತ್ತಿ ಬೆಳೆಯುವ ಎರೆ ಹೊಲ. ನೀರು ಬಂತು, ಎಲ್ಲರೂ ನೆಲ್ಲು ಹಚ್ಚಿದರು, ನಾವೂ ಹಚ್ಚಿದೆವು. ಎರೆ ಮಣ್ಣು ನೀರನ್ನು ಬೇಗ ಕೆಳಗೆ ಬಸಿಯಗೊಡುವುದಿಲ್ಲ. ವರ್ಷಾನುಗಟ್ಟಲೆ ಇಳಿದ ನೀರು ಅಡಿಯಲ್ಲೇ ತುಂಬಿಕೊಂಡು, ಮಣ್ಣಿನೊಳಗಿನ ಉಪ್ಪನ್ನೂ ಕರಗಿಸಿಕೊಂಡು ಮೇಲೇರುತ್ತದೆ. ಮೊದಲು ಜವಳು, ಆಮೇಲೆ ಸವಳು. ನಮ್ಮ ನಾಲ್ಕು ಎಕರೆಯಲ್ಲಿ ತಗ್ಗಿನಲ್ಲಿರುವ ಅರ್ಧ ಎಕರೆ ಮಡಿ ನಾನು ಹೈಸ್ಕೂಲಿನಲ್ಲಿದ್ದಾಗಲೇ ಬೇಸಿಗೆಯಲ್ಲಿ ಬೆಳ್ಳಗೆ ಕಾಣುತ್ತಿತ್ತು. ಸುಣ್ಣ ಚೆಲ್ಲಿದ್ದಾರೆ ಅಂದುಕೊಳ್ಳಬೇಕು, ಹಂಗೆ.

ಬೆಂಗಳೂರಿನಲ್ಲಿ ನಮ್ಮ ಟೀಮಿಗೆ ಎರಡು ವರ್ಷದ ಹಿಂದೆ ಒಂದು ಪ್ರಾಜೆಕ್ಟ್ ಬಂತು: ಭತ್ತದ ಗದ್ದೆಯಿಂದ ಎಷ್ಟು ಮೀಥೇನ್ ಹೊರಡುತ್ತದೆ, ನೀರು ಕಟ್ಟುವ ರೀತಿ ಬದಲಿಸಿದರೆ ಎಷ್ಟು ಕಡಿಮೆಯಾಗುತ್ತದೆ ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್. ನೀರು ನಿಂತ ಗದ್ದೆಯ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಗಾಳಿಯಿಲ್ಲದ ಕಡೆ ಬದುಕುವ ಸೂಕ್ಷ್ಮಜೀವಿಗಳು ಕೊಳೆತ ಕೂಳೆ, ಬೇರು ತಿಂದು ಮೀಥೇನ್ ಬಿಡುತ್ತವೆ. ಅದರ ಬಹುಪಾಲು ಪೈರಿನ ದಂಟಿನೊಳಗಿನ ಟೊಳ್ಳು ಹಾದಿಯಿಂದಲೇ ಹೊರಬರುತ್ತದೆ. ನಡುನಡುವೆ ಗದ್ದೆ ಆರಿಸಿದರೆ ಆ ಜೀವಿಗಳ ಆಟ ನಿಲ್ಲುತ್ತದೆ. ಐಪಿಸಿಸಿಯ 2019ರ ಲೆಕ್ಕದಲ್ಲಿ, ಸದಾ ನೀರು ನಿಂತ ಗದ್ದೆಗೆ 1 ಅಂತ ಹಿಡಿದರೆ ಹಲವು ಸಲ ಆರಿಸಿದ ಗದ್ದೆಗೆ 0.55. ಒಂದೇ ಒಂದು ಗುಣಾಕಾರ! ಕೋಡ್ ಬರೆಯುವವನಿಗೆ ಇದಕ್ಕಿಂತ ಸುಖ ಏನಿದೆ?

ಆ ಹುರುಪಿನಲ್ಲಿ ಎರಡನೇ ಬೆಳೆಗೆ ಊರಿಗೆ ಹೋದಾಗ ತೇವ ಅಳೆಯುವ ಒಂದು ಅಗ್ಗದ ಸೆನ್ಸರ್ ಒಯ್ದೆ. ಕರೆಂಟಿನ ಕಂಬ ಇದ್ದದ್ದು ತಗ್ಗಿನ ಮಡಿಯ ಬದುವಿನಲ್ಲಿ, ಅಲ್ಲೇ ನೆಟ್ಟೆ. ಬೆಂಗಳೂರಲ್ಲಿ ಕೂತು ಮೊಬೈಲಿನಲ್ಲಿ ನೋಡಿ ಅಪ್ಪನಿಗೆ ಫೋನ್ ಮಾಡೋದು: "ಇವತ್ತು ನೀರು ಬ್ಯಾಡಪಾ, ಇನ್ನೂ ಹಸಿ ಐತಿ."

"ಆ ಮಡಿ ಆರಿಸಿದ್ರ ಉಪ್ಪು ಮ್ಯಾಲ ಬರತೈತಿ" ಅಂತ ಅಪ್ಪ ಎರಡು ಸಲ ಹೇಳಿದ. "ಸೆನ್ಸರ್ ತೋರಸಾಕತ್ತೈತಿ, ಹಸಿನೇ ಐತಿ" ಅಂತ ನಾನು ಎರಡು ಸಲ ಹೇಳಿದೆ. ಓದಿದ ಮಗ ಅಂತ ಅಪ್ಪ ಸುಮ್ಮನಾದ. ಹನ್ನೊಂದನೇ ದಿನ ತಮ್ಮ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ. ಗರಿಯ ತುದಿಯೆಲ್ಲ ಬೆಳ್ಳಗೆ ಸುಟ್ಟಿತ್ತು, ಬಿರುಕಿನ ಅಂಚಿನಲ್ಲೆಲ್ಲ ಬಿಳಿ ಪುಡಿ. ನನ್ನ ಮೊಬೈಲಿನಲ್ಲಿ ಆಗಲೂ ಹಸಿರು ಬಣ್ಣ, "ತೇವ ಸಾಕಷ್ಟಿದೆ".

ಆಮೇಲೆ ಕೂತು ಓದಿದೆ. ನಾನು ನೆಟ್ಟ ಥರದ ಸೆನ್ಸರ್ ತೇವವನ್ನು ನೇರವಾಗಿ ನೋಡುವುದಿಲ್ಲ, ಮಣ್ಣಿನ ವಿದ್ಯುತ್ ಗುಣ ನೋಡಿ ಅಂದಾಜಿಸುತ್ತದೆ. ಉಪ್ಪು ಜಾಸ್ತಿಯಾದರೆ ಇರುವುದಕ್ಕಿಂತ ಹೆಚ್ಚು ತೇವ ತೋರಿಸಬಹುದು. ಮಣ್ಣು ಪರೀಕ್ಷೆ ಮಾಡಿಸಿದರೆ 7.2 ಬಂತು. 4 ದಾಟಿದರೆ ಸವಳು ಅಂತಾರೆ, ನೆಲ್ಲಿನ ಇಳುವರಿ 3 ದಾಟುತ್ತಲೇ ಇಳಿಯತೊಡಗುತ್ತದೆ. ಅಪ್ಪ ಆ ಮಡಿಯಲ್ಲಿ ಸದಾ ನೀರು ನಿಲ್ಲಿಸುತ್ತಿದ್ದದ್ದು ಸೋಮಾರಿತನಕ್ಕಲ್ಲ. ನಿಂತ ನೀರು ಉಪ್ಪನ್ನು ತೆಳುವಾಗಿಸಿ ಬೇರಿನ ಕೆಳಕ್ಕೆ ಒತ್ತಿ ಹಿಡಿದಿರುತ್ತದೆ. ಆರಿಸಿದಾಗ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮಣ್ಣು ಅಡಿಯ ಉಪ್ಪುನೀರನ್ನು ಮೇಲಕ್ಕೆಳೆಯುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ.

ಅನಿಲದ ಲೆಕ್ಕವೂ ನಾನಂದುಕೊಂಡಷ್ಟು ಸಲೀಸಲ್ಲ. ಸವಳಿನಲ್ಲಿ ಸಲ್ಫೇಟ್ ಇದ್ದರೆ ಅದನ್ನು ಬಳಸುವ ಬೇರೆ ಸೂಕ್ಷ್ಮಜೀವಿಗಳು ಮೀಥೇನ್ ಮಾಡುವವುಗಳ ಊಟ ಕಸಿಯುತ್ತವೆ. ಪೈರೇ ಬಡಕಲಾದ್ದರಿಂದ ಬೇರು, ಕೂಳೆಯೂ ಕಡಿಮೆ. ಅಂದರೆ ನೀರು ನಿಂತರೂ ಆ ಮಡಿಯ ಮೀಥೇನ್ ಮೇಲ್ಮಡಿಗಳಿಗಿಂತ ಕಡಿಮೆಯೇ ಇದ್ದಿರಬೇಕು. ಆರಿಸಿ ನಾನು ಉಳಿಸಲು ಹೊರಟದ್ದಾದರೂ ಏನು? ಅದರ ಮೇಲೆ ಯೂರಿಯಾ ಹಾಕಿದ ಮಣ್ಣು ಪೂರ್ತಿ ಒದ್ದೆಯೂ ಅಲ್ಲ, ಒಣಗಿಯೂ ಇಲ್ಲ ಅನ್ನುವ ಹದದಲ್ಲಿ ಹೆಚ್ಚು ನೈಟ್ರಸ್ ಆಕ್ಸೈಡ್ ಬಿಡುತ್ತದೆ. ಅದನ್ನು ನಿರುಪದ್ರವಿ ಸಾರಜನಕವಾಗಿ ಮಾಡುವ ಕೊನೆಯ ಹಂತಕ್ಕೆ ಉಪ್ಪು ಅಡ್ಡಬರುತ್ತದೆ ಅಂತ ಹಲವು ಪ್ರಯೋಗಗಳಲ್ಲಿ ಕಂಡಿದೆ. ನೂರು ವರ್ಷದ ಲೆಕ್ಕದಲ್ಲಿ ಆ ಅನಿಲ ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಬಿಸಿ ಹಿಡಿಯುತ್ತದೆ, ಮೀಥೇನ್ ಸುಮಾರು 28 ಪಟ್ಟು. ನನ್ನ ಸಾಫ್ಟ್‌ವೇರ್ ಮಾತ್ರ ಸತ್ತ ಅರ್ಧ ಎಕರೆಗೂ 0.55 ಹಾಕಿ, ಉಳಿತಾಯ ಅಂತ ತೋರಿಸಿತು. ಉಪ್ಪಿಗೆ ಅದರಲ್ಲಿ ಒಂದು ಕಾಲಮ್ಮೂ ಇರಲಿಲ್ಲ. ಬೇಕು ಅಂತ ಮೀಟಿಂಗಿನಲ್ಲಿ ಹೇಳಿದೆ, ಮುಂದಿನ ಸ್ಪ್ರಿಂಟಿನಲ್ಲಿ ನೋಡೋಣ ಅಂದರು. ಐದು ಸ್ಪ್ರಿಂಟ್ ಆಯಿತು.

ಆರಿಸುವ ಪದ್ಧತಿ ಸುಳ್ಳು ಅಂತಲ್ಲ. ಮೇಲಿನ ಮೂರೂವರೆ ಎಕರೆಯಲ್ಲಿ ಈಗ ಸೆನ್ಸರ್ ಬದಲು ತೂತು ಕೊರೆದ ಪಿವಿಸಿ ಪೈಪಿನ ತುಂಡು ಹೂಳಿದ್ದೀವಿ. ಒಳಗಿನ ನೀರು ಮಣ್ಣಿನ ಮಟ್ಟಕ್ಕಿಂತ 15 ಸೆಂಟಿಮೀಟರ್ ಇಳಿದರೆ ನೀರು ಕಟ್ಟೋದು. ಬಗ್ಗಿ ನೋಡಿದರಾಯಿತು, ಉಪ್ಪು ಅದನ್ನು ಯಾಮಾರಿಸಲಾರದು. ಮೋಟಾರು ಓಡೋದು ಕಡಿಮೆಯಾಯಿತು ಅಂತ ಅಪ್ಪನಿಗೂ ಖುಷಿ.

ತಗ್ಗಿನ ಮಡಿಗೆ ಬೇಕಾದದ್ದು ಬಸಿಗಾಲುವೆ. ಉಪ್ಪುನೀರು ಹಳ್ಳಕ್ಕೆ ಹೋಗಬೇಕಾದರೆ ಕೆಳಗಿನ ಇಬ್ಬರ ಹೊಲ ದಾಟಬೇಕು. ಒಬ್ಬರು ಒಪ್ಪಿದ್ದಾರೆ. ಇನ್ನೊಬ್ಬರು, "ನಿಮ್ಮ ಸವಳು ನಮ್ಮ ಹೊಲಕ್ಯಾಕ?" ಅಂತಾರೆ. ತಪ್ಪು ಅನ್ನೋದು ಹೆಂಗೆ? ಬರೋ ಅಮಾವಾಸ್ಯೆಗೆ ಊರಿಗೆ ಹೋದಾಗ ಅವರ ಮನೆಗೆ ಹೋಗಿ ಕೂರಬೇಕು. "ಅಲ್ಲಿ ನೀ ಮಾತಾಡಬ್ಯಾಡ, ನಾ ಮಾತಾಡ್ತೀನಿ" ಅಂತ ಅಪ್ಪ ಈಗಲೇ ಹೇಳಿಟ್ಟಿದ್ದಾನೆ.